ಹಿಡಿದುಕೊಂಡು ಹೋದವರು ಯಾರು?

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ಹತ್ತಿದರೆ, ಬೆಮೆಲ್ ನಗರ ದಾಟಿದ ಮೇಲೆ ಕೋರಮಂಡಲ್ ಸಿಗುತ್ತದೆ. ಆಮೇಲೆ ಊರಿಗಾಂ, ಚಾಂಪಿಯನ್. ಗಣಿ ಮುಚ್ಚಿದ್ದು 2001ರಲ್ಲಿ. ಅಂದಿನಿಂದ ಇಲ್ಲಿನ ಜನ ಬೆಳಗಾಗುವ ಮೊದಲೇ ಬೆಂಗಳೂರಿನ ಕೆಲಸಕ್ಕೆ ರೈಲು ಹಿಡಿಯುತ್ತಾರೆ, ಕತ್ತಲಾದ ಮೇಲೆ ವಾಪಸ್ ಬರುತ್ತಾರೆ. ನಾವೂ ಒಂದು ಸಂಜೆ ಅದೇ ರೈಲಿನಲ್ಲಿ ಬಂದಿಳಿದು ಗಣಿ ಕಾರ್ಮಿಕರ ಲೈನ್ ಮನೆಗಳ ಕಡೆ ಹೋಗಿದ್ದೆವು. ಹೋಗಿದ್ದು ಪಿಂಚಣಿಯ ಬಗ್ಗೆ ಕೇಳಲು. ಕೇಳಿಸಿಕೊಂಡು ಬಂದದ್ದು ಬೇರೆ.

ಒಬ್ಬ ಹಿರಿಯ ತಾಯಿ ಹಲವು ವರ್ಷಗಳ ಹಿಂದಿನ ರಾತ್ರಿಯೊಂದನ್ನು ನೆನಪಿಸಿಕೊಂಡರು. ಪ್ಯಾಂಟು ಶರ್ಟು ಹಾಕಿದ ನಾಲ್ವರು ಬಂದು ಮಗನನ್ನು ಕರೆದುಕೊಂಡು ಹೋದರು. "ಸ್ಟೇಷನ್ನಿಗೆ" ಎಂದಷ್ಟೇ ಹೇಳಿದರು. ಯಾವ ಸ್ಟೇಷನ್? ಅದನ್ನು ಹೇಳಲಿಲ್ಲ. ಮರುದಿನ ಆಕೆ ಮೂರು ಠಾಣೆಗಳಿಗೆ ಅಲೆದರು, ಮೂರರಲ್ಲೂ "ನಮ್ಮವರಲ್ಲ" ಎಂಬ ಉತ್ತರ. ಮಗ ನಾಲ್ಕನೇ ದಿನ ಮನೆಗೆ ಬಂದ. ಕೇಸೂ ಇಲ್ಲ, ಕಾಗದವೂ ಇಲ್ಲ. ದೂರು ಕೊಡಬಹುದಿತ್ತಲ್ಲ ಎಂದು ನಾವು ಕೇಳಿದೆವು. "ಯಾರ ಮೇಲೆ ಕೊಡಲಿ?" ಎಂದರು. ನಮ್ಮ ಬಳಿ ಉತ್ತರ ಇರಲಿಲ್ಲ.

ಆ ಪ್ರಶ್ನೆ ಹಿಡಿದು ನಾವು ಸ್ವಲ್ಪ ಹಿಂದಕ್ಕೆ ಹೋದೆವು.

ಕೆ.ಜಿ.ಎಫ್‌ನಲ್ಲಿ ಗುರುತು ಯಾರದ್ದಿರಬೇಕು ಎಂಬ ಜಗಳ ಹೊಸದಲ್ಲ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಳನ್ನು ನಡೆಸಿತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಸಾವಿರಾರು ಜನ, ಅದರಲ್ಲೂ ಬಹಳಷ್ಟು ದಲಿತರು, ಕೂಲಿಗೆ ಬಂದರು. ಚಿನ್ನ ಕದಿಯುತ್ತಾರೆ ಎಂಬ ಅನುಮಾನ ಅವರ ಮೇಲೆ ಸದಾ ಇತ್ತು. ಸರ್ಕಾರದ ಪೊಲೀಸರ ಜೊತೆಗೆ ಕಂಪನಿಯ ವಾಚ್ ಅಂಡ್ ವಾರ್ಡ್ ಕಾವಲುಗಾರರೂ ಇದ್ದರು. ತಡೆದು ನಿಲ್ಲಿಸುವವನು ಸರ್ಕಾರದವನೋ ಕಂಪನಿಯವನೋ ಎಂದು ಕೇಳುವ ಧೈರ್ಯ ಪಾಳಿ ಮುಗಿಸಿ ಮೇಲೆ ಬಂದ ಕೂಲಿಯವನಿಗೆ ಎಲ್ಲಿಂದ ಬರಬೇಕು!

1930ರಲ್ಲಿ ಕಂಪನಿ ಒಂದು ಹೆಜ್ಜೆ ಮುಂದೆ ಹೋಯಿತು. ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕು ಎಂದಿತು. ಕಲ್ಕತ್ತಾದಲ್ಲಿ 1897ರಲ್ಲಿ ಬೆರಳಚ್ಚು ಕಚೇರಿ ಶುರುವಾದದ್ದೇ ಅಪರಾಧಿಗಳ ಲೆಕ್ಕ ಇಡಲು. ಅದನ್ನೇ ದುಡಿಯುವವರ ಕೈಗೂ ತಂದರು. ಕಾರ್ಮಿಕರು ಒಪ್ಪಲಿಲ್ಲ. ಸಾವಿರಾರು ಜನ ಕೆಲಸ ಬಿಟ್ಟು ಹೊರಗೆ ನಿಂತರು, ಮುಷ್ಕರ ವಾರಗಟ್ಟಲೆ ನಡೆಯಿತು. ಸ್ವಂತ ಸಂಘವೂ ಗಟ್ಟಿಯಾಗಿಲ್ಲದ ಕಾಲ ಅದು. ಕೂಲಿಯ ಪೈಸೆಗಿಂತ ಹೆಚ್ಚಾಗಿ ಹೆಬ್ಬೆರಳಿನ ಮಾನಕ್ಕಾಗಿ ಜನ ಹಸಿದು ಕುಳಿತರು ಎಂಬುದು ನಮಗೆ ಇವತ್ತಿಗೂ ಬೆರಗು. ಕೆಳಗಿನವನ ಗುರುತು ಮೇಲಿನವನ ಕಡತದಲ್ಲಿ ಇರಬೇಕು, ಮೇಲಿನವನ ಗುರುತು ಮಾತ್ರ ಯಾರೂ ಕೇಳಬಾರದು ಎಂಬುದೇ ಆ ವ್ಯವಸ್ಥೆಯ ತರ್ಕ.

ಆದರೆ ಪೊಲೀಸರಿಗೂ ಗುರುತು ಬೇಕು ಎಂಬ ವಿಚಾರ ಅದಕ್ಕೂ ನೂರು ವರ್ಷ ಹಳೆಯದು. 1829ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಪೀಲ್ ಹೊಸ ಪೊಲೀಸ್ ಪಡೆ ಕಟ್ಟಿದಾಗ, ಇವರು ಗೂಢಚಾರರು ಎಂಬ ಭಯ ಜನರಲ್ಲಿತ್ತು. ಅದಕ್ಕೇ ಸಮವಸ್ತ್ರ ಕೊಟ್ಟು ಕೊರಳಪಟ್ಟಿಯ ಮೇಲೆ ಸಂಖ್ಯೆ ಹಾಕಿದರು. ನಮ್ಮ ಕಾನ್‌ಸ್ಟೆಬಲ್‌ಗಳ ನಂಬರೂ ಅದೇ ವಂಶದ್ದು.

ಖಾಕಿಯೂ ಹೆಸರೂ ಇದ್ದರೆ ಸಾಕೇ? ಕರ್ನಾಟಕದ ತುರ್ತು ಪರಿಸ್ಥಿತಿಯ ಕಥೆ ಬೇರೆ ಹೇಳುತ್ತದೆ. 1976ರ ಮೇ 1ರಂದು ಬೆಂಗಳೂರಿನ ಮನೆಯಿಂದ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಕರೆದೊಯ್ದರು. ತಪ್ಪಿಸಿಕೊಂಡಿದ್ದ ಅಣ್ಣ ಜಾರ್ಜ್ ಎಲ್ಲಿದ್ದಾರೆ ಎಂದು ತಿಳಿಯಬೇಕಿತ್ತು. ನ್ಯಾಯಾಧೀಶರ ಮುಂದೆ ಅವರನ್ನು ತಂದದ್ದು ಸುಮಾರು 20 ದಿನಗಳ ನಂತರ. ಅಷ್ಟರಲ್ಲಿ ಚಿತ್ರಹಿಂಸೆಯಿಂದ ಅವರ ದೇಹ ಜರ್ಜರಿತವಾಗಿತ್ತು. ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಮನೆಯಿಂದ ಹೋದದ್ದಕ್ಕೂ ಕೋರ್ಟಿಗೆ ಬಂದದ್ದಕ್ಕೂ ನಡುವಿನ ಆ ದಿನಗಳಲ್ಲಿ ಮಗ ಯಾರ ಕೈಯಲ್ಲಿದ್ದ ಎಂಬುದಕ್ಕೆ ಮನೆಯವರ ಬಳಿ ಒಂದು ಚೀಟಿಯೂ ಇರಲಿಲ್ಲ. ಪತ್ರ ಬರೆಯಲು ಗೊತ್ತಿದ್ದ, ರಾಜಕೀಯದ ಹೆಸರಿದ್ದ ಮನೆಯ ಗತಿಯೇ ಹೀಗಾದರೆ ಲೈನ್ ಮನೆಯವರದ್ದೇನು?

ಕಾನೂನು ಎಚ್ಚೆತ್ತದ್ದು ನಿಧಾನವಾಗಿ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು 1986ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಠಾಣೆಗಳಲ್ಲಿ ಸಾಯುತ್ತಿರುವವರ ಸುದ್ದಿಗಳನ್ನು ಗಮನಿಸಿ ಎಂಬುದು ಅವರ ಕೋರಿಕೆ. ತೀರ್ಪು ಬಂದದ್ದು 1996ರ ಡಿಸೆಂಬರ್ 18ರಂದು. ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಎ.ಎಸ್. ಆನಂದ್ ಹಾಕಿದ 11 ಸೂಚನೆಗಳಲ್ಲಿ ಮೊದಲನೆಯದೇ ಇದು: ಬಂಧಿಸುವ, ವಿಚಾರಣೆ ಮಾಡುವ ಪೊಲೀಸರು ಹೆಸರು ಹುದ್ದೆ ಸ್ಪಷ್ಟವಾಗಿ ಕಾಣುವ ಪಟ್ಟಿ ಧರಿಸಬೇಕು. ಮನೆಯವರೋ ಊರಿನವರೋ ಸಹಿ ಹಾಕಿದ ಬಂಧನ ಪತ್ರವೂ ಇರಬೇಕು. 2010ರ ನವೆಂಬರ್‌ನಿಂದ ಇದು ದಂಡ ಪ್ರಕ್ರಿಯಾ ಸಂಹಿತೆಯ 41ಬಿ ಕಲಮಾಯಿತು. ಈಗ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮು.

ಇಲ್ಲಿಯವರೆಗೆ ಸರಿ. ಆದರೆ ಹಳೆಯ 41ಸಿ ಕಲಮನ್ನೂ ಹೊಸ 37ನೇ ಕಲಮನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನಮಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಹಳೆಯದರಲ್ಲಿ ಜಿಲ್ಲಾ ಕಂಟ್ರೋಲ್ ರೂಮಿನ ಹೊರಗಿನ ಫಲಕದಲ್ಲಿ ಬಂಧಿತರ ಹೆಸರು ವಿಳಾಸದ ಜೊತೆ ಬಂಧಿಸಿದ ಅಧಿಕಾರಿಯ ಹೆಸರು, ಹುದ್ದೆಯೂ ಇರಬೇಕಿತ್ತು. ಹೊಸದರಲ್ಲಿ ಪ್ರತಿ ಠಾಣೆಯಲ್ಲೂ ಪ್ರದರ್ಶಿಸಬೇಕು, ಡಿಜಿಟಲ್ ರೂಪದಲ್ಲೂ ಹಾಕಬಹುದು. ಆದರೆ ಪ್ರದರ್ಶಿಸಬೇಕಾದ್ದು ಬಂಧಿತರ ಹೆಸರು, ವಿಳಾಸ, ಆರೋಪ. ಅಧಿಕಾರಿಯ ಹೆಸರು ಆ ಸಾಲಿನಿಂದ ಬಿದ್ದುಹೋಗಿದೆ. ಆರೋಪ ಸಾಬೀತಾಗದವನ ವಿಳಾಸ ಊರಿಗೆಲ್ಲ ಕಾಣಬೇಕು, ಹಿಡಿದವನ ಹೆಸರು ಕಾಣಬೇಕಿಲ್ಲ. 1930ರ ತರ್ಕವೇ ಇದು!

ಪೊಲೀಸರ ಮಾತನ್ನೂ ನಾವು ಕೇಳಿದ್ದೇವೆ. ಮಫ್ತಿ ಇಲ್ಲದೆ ಕಳ್ಳನನ್ನು ಹಿಡಿಯಲಾಗದು, ಹೆಸರು ಗೊತ್ತಾದರೆ ರೌಡಿಗಳು ಮನೆಗೇ ಬರುತ್ತಾರೆ ಎನ್ನುತ್ತಾರೆ. ಹಿಂಬಾಲಿಸುವಾಗ ಮಫ್ತಿ ಬೇಕು, ಒಪ್ಪೋಣ. ಆದರೆ ಕೈ ಹಿಡಿದ ಮೇಲೆ ಗುಟ್ಟು ಯಾರಿಂದ? ಜೇಬಿನಿಂದ ಪಟ್ಟಿ ತೆಗೆದು ಎದೆಗೆ ಸಿಕ್ಕಿಸಲು ಅರೆ ನಿಮಿಷ ಸಾಕು. ಇನ್ನೊಂದು ಮಾತು ನಮ್ಮನ್ನು ಹೆಚ್ಚು ಕಾಡಿತು. ಹೆಸರು ಓದಿದ ಕೂಡಲೇ ಜಾತಿ, ಧರ್ಮ ಅಳೆಯುವ ನಾಡು ನಮ್ಮದು. ಒಬ್ಬ ಕಾನ್‌ಸ್ಟೆಬಲ್ ಇದನ್ನು ಹೇಳಿದಾಗ ನಾವು ಸುಮ್ಮನಾದೆವು. ದೊಡ್ಡ ಅಕ್ಷರದ ನಂಬರ್ ಹೆಸರಿಗಿಂತ ಒಳ್ಳೆಯದೇನೋ. ಕಲಮು ಹೆಸರನ್ನೇ ಕೇಳುತ್ತದೆ ನಿಜ, ಆದರೆ ಕೋರಮಂಡಲ್‌ನಂಥ ಕಡೆ ಅಕ್ಷರದ್ದೂ ಸಮಸ್ಯೆ. ಇಲ್ಲಿನ ಹಿರಿಯರಲ್ಲಿ ಅನೇಕರು ತಮಿಳು ಮಾತಾಡುವವರು, ಕನ್ನಡ ಓದಲು ಬಾರದವರು. ಅಂಕಿಯಾದರೆ ಬಸ್ಸಿನ ನಂಬರಿನ ಹಾಗೆ ಎಲ್ಲರಿಗೂ ತಿಳಿಯುತ್ತದೆ.

2025ರಲ್ಲಿ ನಮ್ಮ ಕಾನ್‌ಸ್ಟೆಬಲ್‌ಗಳ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂದಾಗ ಪತ್ರಿಕೆಗಳು ಚೆನ್ನಾಗಿಯೇ ಬರೆದವು. ಎದೆಯ ಮೇಲಿನ ಪಟ್ಟಿಯ ಬಗ್ಗೆ ಅಷ್ಟು ಬರೆದದ್ದನ್ನು ನಾವು ಕಂಡಿಲ್ಲ, ನಾವೂ ಇಷ್ಟು ದಿನ ಬರೆದಿರಲಿಲ್ಲ.

ಹೊರಡುವಾಗ ಆ ತಾಯಿ ಇನ್ನೊಂದು ಮಾತು ಹೇಳಿದರು. ಬಂದ ನಾಲ್ವರಲ್ಲಿ ಒಬ್ಬ ಕಂದು ಬಣ್ಣದ ಶೂ ಹಾಕಿದ್ದ, ಎಡಗಾಲಿನದರ ಲೇಸ್ ಬಿಚ್ಚಿತ್ತು. ಮೂರು ಠಾಣೆಗಳಲ್ಲೂ ಆಕೆ ಹೋಗಿ ಮೊದಲು ನೋಡಿದ್ದು ಪೊಲೀಸರ ಕಾಲುಗಳನ್ನು.