ಕಟ್ಟುಹಲ್ಲಿನಿಂದ ಕಾರ್ಖಾನೆಯ ನೆಲಕ್ಕೆ

ಪಿಯರ್ ಕಾಸ್ತಾನ್ ಎಂಬ ಸ್ವಿಸ್ ರಸಾಯನಶಾಸ್ತ್ರಜ್ಞ 1930ರ ದಶಕದಲ್ಲಿ ಹುಡುಕುತ್ತಿದ್ದದ್ದು ಕಟ್ಟುಹಲ್ಲಿಗೆ ಒಪ್ಪುವ ಸಾಮಗ್ರಿಯನ್ನು. ದಂತವೈದ್ಯರಿಗೆ ಸರಕು ಒದಗಿಸುವ ಜೂರಿಕ್‌ನ ಕಂಪನಿಯೊಂದರಲ್ಲಿ ಆತನಿಗೆ ಕೆಲಸ. ಬಿಸ್‌ಫಿನಾಲ್-ಎ ಮತ್ತು ಎಪಿಕ್ಲೋರೋಹೈಡ್ರಿನ್‌ನಿಂದ ಆತ ತಯಾರಿಸಿದ ಎಪಾಕ್ಸಿ ರಾಳ ಗಟ್ಟಿಯಾಗುವಾಗ ಹೆಚ್ಚು ಕುಗ್ಗುತ್ತಿರಲಿಲ್ಲ. ಹಲ್ಲಿನ ವ್ಯಾಪಾರದಲ್ಲಿ ಅದು ಬೇರೂರಲಿಲ್ಲ. ಹಕ್ಕು ಪಡೆದ ಬಾಸೆಲ್‌ನ ಸೀಬಾ ಕಂಪನಿ 1946ರಲ್ಲಿ ಅದನ್ನು ಅರಾಲ್ಡೈಟ್ ಎಂಬ ಅಂಟಾಗಿ ಜನರ ಮುಂದಿಟ್ಟಿತು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಟ್ಯೂಬುಗಳ ಜೋಡಿಯಾಗಿ ಸಿಗುವುದೂ ಅದೇ ಹೆಸರಿನ ಅಂಟು. ಅತ್ತ ಅಮೆರಿಕದ ಡೆವೋ ಅಂಡ್ ರೆನಾಲ್ಡ್ಸ್ ಬಣ್ಣದ ಕಂಪನಿಯಲ್ಲಿ ಸಿಲ್ವನ್ ಗ್ರೀನ್‌ಲೀ 1940ರ ದಶಕದಲ್ಲಿ ಇದೇ ಜಾತಿಯ ರಾಳವನ್ನು ಬಣ್ಣಕ್ಕೆ ಒಗ್ಗಿಸಿದ. ಇಂದು ಗೋದಾಮುಗಳಲ್ಲಿ ಕನ್ನಡಿಯಂತೆ ಹೊಳೆಯುವ ಎಪಾಕ್ಸಿ ನೆಲದ ಮೂಲ ಇದು.

ಅದಕ್ಕೂ ಮೊದಲು ಕಾರ್ಖಾನೆಯ ಕಾಂಕ್ರೀಟ್ ನೆಲ ದೊಡ್ಡ ತಲೆನೋವಾಗಿತ್ತು. ಚಕ್ರ ಉರುಳಿದಂತೆಲ್ಲ ಮೇಲ್ಮೈ ಸವೆದು ಪುಡಿ ಏಳುತ್ತದೆ; ಚೆಲ್ಲಿದ ಎಣ್ಣೆಯನ್ನು ನೆಲವೇ ಕುಡಿಯುತ್ತದೆ. ಅಗಸೆ ಎಣ್ಣೆಯ ಬಣ್ಣ ಹಚ್ಚಿದರೆ ಸಿಮೆಂಟಿನ ಕ್ಷಾರ ಆ ಎಣ್ಣೆಯನ್ನು ಸಾಬೂನಾಗಿ ಮಾಡಿಬಿಡುತ್ತದೆ. ಬಣ್ಣ ಅಂಟಂಟಾಗಿ, ಹಾಳೆ ಹಾಳೆಯಾಗಿ ಎದ್ದು ಬರುತ್ತದೆ.

ನಮ್ಮ ಗಾರೆ ಕೆಲಸದವರು ಈ ತೊಡಕನ್ನು ಬೇರೆಯೇ ರೀತಿಯಲ್ಲಿ ದಾಟಿದ್ದರು. ಮಲೆನಾಡು, ಕರಾವಳಿ, ಹಳೆಯ ಬೆಂಗಳೂರಿನ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಬಣ್ಣವೆಂಬುದು ಪ್ರತ್ಯೇಕ ಪದರವೇ ಅಲ್ಲ. ಕಬ್ಬಿಣದ ಆಕ್ಸೈಡನ್ನು ಸಿಮೆಂಟಿಗೆ ಬೆರೆಸಿ, ಹಸಿ ಗಾರೆಯ ಮೇಲೆ ಎಳೆದು, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತರುತ್ತಿದ್ದರು. ಒಂದು ಕೋಣೆಯನ್ನು ಒಂದೇ ಪಟ್ಟಿಗೆ ಮುಗಿಸಬೇಕು, ಇಲ್ಲವಾದರೆ ಬಿಟ್ಟು ಹಿಡಿದ ಕಡೆ ಗೆರೆ ಉಳಿಯುತ್ತದೆ. ಆಮೇಲೆ ಕೆಲವು ದಿನ ನೀರು ಕಟ್ಟಿ, ಕೊನೆಗೆ ಕೊಬ್ಬರಿ ಎಣ್ಣೆ ಉಜ್ಜಿದರೆ ಅದರ ಕಳೆಯೇ ಬೇರೆ. ಕೈಯ ಹದವನ್ನೇ ನಂಬಿದ ವಿದ್ಯೆ ಇದು, ಮನೆಗೆ ಸಾಕಾಯಿತು. ಆದರೆ ಆಮ್ಲ ಚೆಲ್ಲುವ, ಫೋರ್ಕ್‌ಲಿಫ್ಟ್ ಓಡಾಡುವ ಅಂಗಳಕ್ಕೆ ಸಿಮೆಂಟಿನ ಮೈ ಸಾಲದು.

ಎಪಾಕ್ಸಿ ಆ ಮೈಗೆ ಚರ್ಮ ಹೊದಿಸಿತು. ಕ್ಷಾರಕ್ಕೆ ಅದು ಜಗ್ಗುವುದಿಲ್ಲ. ಅದರ ಶತ್ರು ತೇವ. ಹಾಗಾಗಿ ಈ ಕಸುಬಿನ ಮುಕ್ಕಾಲು ಪಾಲು ಬಣ್ಣದ ಡಬ್ಬಿ ತೆರೆಯುವ ಮೊದಲೇ ಮುಗಿದಿರುತ್ತದೆ. ಹೊಸ ಕಾಂಕ್ರೀಟ್ ಆದರೆ ಸಾಮಾನ್ಯವಾಗಿ 28 ದಿನ ಕಾಯುತ್ತಾರೆ. ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಟೇಪಿನಿಂದ ಬಿಗಿದು ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಅಡಿಯಲ್ಲಿ ಹನಿ ಕಂಡರೆ ಕೆಲಸವನ್ನು ಮುಂದೂಡುತ್ತಾರೆ. ಮೇಲಿನ ದುರ್ಬಲ ಸಿಮೆಂಟಿನ ಪೊರೆಯನ್ನು ವಜ್ರದ ಯಂತ್ರದಿಂದ ಉಜ್ಜಿ ತೆಗೆಯುತ್ತಾರೆ. ರಾಳಕ್ಕೆ ಅದನ್ನು ಗಟ್ಟಿಗೊಳಿಸುವ ಹಾರ್ಡನರ್ ಬೆರೆಸಿದ ಮೇಲೆ ಮಾತ್ರ ಗಡಿಯಾರದ ಓಟ ಶುರು. ಸುರಿದದ್ದು ತಾನಾಗಿ ಹರಡಿ ಸಮವಾಗುವಷ್ಟರಲ್ಲಿ, ಅಡಿಗೆ ಮೊಳೆಗಳಿರುವ ಬೂಟು ತೊಟ್ಟ ಕೆಲಸಗಾರ ಹಸಿ ಬಣ್ಣದ ಮೇಲೇ ನಡೆದು, ಮುಳ್ಳಿನ ರೋಲರ್ ಉರುಳಿಸಿ ಗಾಳಿಗುಳ್ಳೆಗಳನ್ನು ಒಡೆಯಬೇಕು.

ಎಪಾಕ್ಸಿಗೂ ಮಿತಿಗಳಿವೆ. ಬಿಸಿಲು ಬಿದ್ದರೆ ಹಳದಿಯಾಗುತ್ತದೆ. ಡೈರಿಗಳಲ್ಲಿ ಹಾಲಿನಿಂದ ಹುಟ್ಟುವ ಲ್ಯಾಕ್ಟಿಕ್ ಆಮ್ಲ, ಅದರ ಮೇಲೆ ತೊಳೆಯುವ ಕುದಿನೀರು ಎರಡೂ ಸೇರಿದರೆ ಅದು ಸೋಲುತ್ತದೆ. ಬ್ರಿಟನ್ನಿನ ಐಸಿಐ ಕಂಪನಿ 1969ರಲ್ಲಿ ಪಾಲಿಯುರೆಥೇನನ್ನು ಸಿಮೆಂಟಿನೊಡನೆ ಬೆರೆಸಿ ಯೂಕ್ರೀಟ್ ತಂದದ್ದು ಇಂಥ ಜಾಗಗಳಿಗಾಗಿ. ಬಣ್ಣವನ್ನು ನೆಲದ ಮೈಗೇ ಸೇರಿಸುವ ಗಾರೆಯವರ ದಾರಿಗೆ ಅದು ಹತ್ತಿರವಾದದ್ದು ಸೊಗಸಾದ ಸಂಗತಿ.

ಈ ಇತಿಹಾಸದಲ್ಲಿ ಸಾಕಷ್ಟು ದಾಖಲಾಗದೆ ಉಳಿದವರು ಬಣ್ಣ ಬಳಿದವರು. ಕಬ್ಬಿಣದ ಕಂಬ, ಸೇತುವೆಗಳಿಗೆ ಅವರು ತಲೆಮಾರುಗಳ ಕಾಲ ಹಚ್ಚಿದ ಕೆಂಪು ಸೀಸ ತುಕ್ಕನ್ನು ತಡೆಯಿತು, ರಕ್ತಕ್ಕೆ ವಿಷ ಸೇರಿಸಿತು. ಭಾರತದಲ್ಲಿ 2017ರ ನವೆಂಬರ್‌ನಿಂದ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಲ್ಲಿದೆ. ಆದರೆ ಅದು ಹೇಳುವುದು ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳ ಬಗ್ಗೆ ಮಾತ್ರ. ಕಾರ್ಖಾನೆಯ ಬಣ್ಣಕ್ಕೂ ಅದೇ ಮಿತಿ ಬರಲೇಬೇಕು. ಎಪಾಕ್ಸಿಯಲ್ಲಿ ಅಪಾಯ ಚರ್ಮಕ್ಕೆ. ಗಟ್ಟಿಯಾಗದ ರಾಳ, ಹಾರ್ಡನರ್ ತಾಗಿ ತಾಗಿ ಒಮ್ಮೆ ಅಲರ್ಜಿ ಹತ್ತಿದರೆ ಜೀವಮಾನವಿಡೀ ಬಿಡುವುದಿಲ್ಲ. ಆಮೇಲೆ ಅಷ್ಟಿಷ್ಟು ಸೋಕಿದರೂ ಕೈ ಕೆಂಪಾಗಿ ಬಾಯುತ್ತದೆ. ನೈಟ್ರೈಲ್ ಕೈಗವಸು, ತೋಳು ಮುಚ್ಚುವ ಬಟ್ಟೆ, ಗಾಳಿಯಾಡುವ ಜಾಗ ಇವುಗಳ ಖರ್ಚನ್ನು ಬಣ್ಣದ ಲೆಕ್ಕದೊಳಗೇ ಹಿಡಿಯಬೇಕು, ಗುತ್ತಿಗೆಯ ಮೊದಲ ಅಂದಾಜಿನಿಂದಲೇ.