ಪುಷ್ಪವಾಣಿಜ್ಯದಲ್ಲಿ ಮಾಲೆಗಾರನ ಸ್ಥಾನ

ಅಮರಸಿಂಹನು ತನ್ನ ಕೋಶದ ಶೂದ್ರವರ್ಗದಲ್ಲಿ ಮಾಲಾಕಾರ, ಮಾಲಿಕ ಎಂಬ ಶಬ್ದಗಳನ್ನು ಪರ್ಯಾಯಗಳಾಗಿ ಹೇಳಿರುವನು. ಕನ್ನಡದಲ್ಲಿ ಮಾಲೆಗಾರ, ಹೂಗಾರ, ಹೂವಾಡಿಗ ಎಂಬ ರೂಪಗಳಿರುವುವು. ಮಾಲಾಕಾರನೆಂದರೆ ಮಾಲೆಯನ್ನು ಮಾಡುವವನು. ಮಾರುವವನೆಂಬ ಅರ್ಥವು ಆ ಶಬ್ದದ ವಿಗ್ರಹದಲ್ಲಿಲ್ಲ. ಹೂವು ಪೇಟೆಯ ಸರಕಾದ ಮೇಲೆ ಕಟ್ಟುವವರ ಸ್ಥಾನವೇನಾಯಿತೆಂಬುದೇ ಪ್ರಕೃತ ವಿಚಾರ.

ದೇವಾಲಯಗಳ ದತ್ತಿಶಾಸನಗಳಲ್ಲಿ ಹೂದೋಟವನ್ನು ಬಿಟ್ಟುದೂ ಮಾಲೆಗಾರನಿಗೆ ಭೂಮಿಯನ್ನು ವೃತ್ತಿಯಾಗಿ ಕೊಟ್ಟುದೂ ಕಂಡುಬರುವುವು. ಅಲ್ಲಿ ಹೂವು ತೋಟದಿಂದ ನೇರವಾಗಿ ಗರ್ಭಗೃಹವನ್ನು ಸೇರುತ್ತಿದ್ದಿತು, ಕ್ರಯವಿಕ್ರಯಕ್ಕೆ ಎಡೆಯಿರಲಿಲ್ಲ. ಹರಿಹರನ ಪುಷ್ಪರಗಳೆಯಲ್ಲಿಯೂ ಹೂವನ್ನು ಕೊಯ್ಯುವವನು ಭಕ್ತನೇ. ಆದರೆ 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಗುಲಾಬಿಯು ಅಲ್ಲಿ ಎಲ್ಲೆಲ್ಲಿಯೂ ಮಾರಾಟವಾಗುತ್ತಿದ್ದುದನ್ನೂ ಜನರಿಗೆ ಅದು ಅನ್ನದಷ್ಟೇ ಅವಶ್ಯವಾಗಿದ್ದುದನ್ನೂ ಬರೆದಿರುವನು. ಆದುದರಿಂದ ಆ ಕಾಲಕ್ಕೆ ಹೂವು ಪೇಟೆಯ ಸರಕಾಗಿದ್ದಿತೆಂಬುದು ನಿರ್ವಿವಾದ.

ಇಂದಿನ ವ್ಯವಹಾರದಲ್ಲಿ ಎರಡು ಕ್ರಮಗಳನ್ನು ಗುರುತಿಸಬಹುದು. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೊಸೂರು, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯಿಂದ ಸೇವಂತಿಗೆ, ಕನಕಾಂಬರ, ಚೆಂಡುಹೂ ಮೊದಲಾದುವು ಬೆಳಗಾಗುವುದರೊಳಗೆ ಬರುವುವು. ಮಂಡಿಯವರು ದಲ್ಲಾಳಿಯನ್ನು ಹಿಡಿದುಕೊಂಡು ಬಿಡಿಹೂವನ್ನು ತೂಕದ ಮೇಲೆ ಮಾರುವರು. ಅದನ್ನು ಕೊಂಡ ಹೂವಾಡಗಿತ್ತಿಯು ಕಟ್ಟಿ, ಮೊಳ ಮಾರುಗಳ ಲೆಕ್ಕದಲ್ಲಿ ಮಾರುವಳು. ಕೊಳ್ಳುವಾಗ ತಕ್ಕಡಿ, ಮಾರುವಾಗ ಅವಳ ತೋಳು. ಈ ಎರಡು ಮಾನಗಳ ನಡುವೆಯೇ ಅವಳ ಜೀವನ.

ಉಡುಪಿ ಸೀಮೆಯ ಶಂಕರಪುರದ ಮಲ್ಲಿಗೆಯ ಕ್ರಮವು ಇದಕ್ಕೆ ವಿಪರೀತ. ಅಲ್ಲಿ ಮೊಗ್ಗನ್ನು ಬೆಳೆದವರ ಮನೆಯಲ್ಲಿಯೇ ಬಾಳೆನಾರಿನಿಂದ ಕಟ್ಟಿ, ಅನಂತರ ವ್ಯಾಪಾರಿಗೆ ಒಪ್ಪಿಸುವರು. ಸುಮಾರು 800 ಹೂವಿಗೆ ಒಂದು ಚೆಂಡು. 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ಧಾರಣೆಯು ದಿನದಿನವೂ ಶಂಕರಪುರದಲ್ಲಿ ನಿಶ್ಚಯವಾಗುವುದು. ನಾಗಾರಾಧನೆ, ಭೂತಾರಾಧನೆ, ವಿವಾಹಗಳ ಕಾಲದಲ್ಲಿ ಏರುವುದು. ಇಲ್ಲಿ ಮಾಲಾಕರಣವು ವಾಣಿಜ್ಯಕ್ಕೆ ಪೂರ್ವಭಾವಿ, ಬೆಂಗಳೂರಿನಲ್ಲಿ ಉತ್ತರಭಾವಿ.

ಈ ಭೇದವು ಅಲ್ಪವಲ್ಲ. ಶಾಸನವು ಮಾಲೆಗಾರನ ಕೆಲಸವನ್ನು ಹೆಸರಿಸಿ ಅದಕ್ಕೆ ವೃತ್ತಿಯನ್ನು ಕಲ್ಪಿಸಿದ್ದಿತು. ಬೆಂಗಳೂರಿನಲ್ಲಿ ಕಟ್ಟಿದ ಕೂಲಿಯು ಮೊಳದ ಬೆಲೆಯಲ್ಲಿ ಅಡಗಿರುವುದು. ಶಂಕರಪುರದ ಧಾರಣೆಯು ಅಟ್ಟೆಯ ಬೆಲೆಯನ್ನು ಹೇಳುವುದೇ ಹೊರತು, ಒಂದೊಂದಾಗಿ 3,200 ಮೊಗ್ಗುಗಳನ್ನು ಪೋಣಿಸಿದ ಶ್ರಮದ ಬೆಲೆಯನ್ನು ಬೇರೆಯಾಗಿ ಹೇಳದು. ಆ ಶ್ರಮವು ಬಹುಮಟ್ಟಿಗೆ ಸ್ತ್ರೀಯರದು. ಅಟ್ಟೆ, ಚೆಂಡು, ಮೊಳ, ಮಾರು ಎಂಬ ಮಾತುಗಳಲ್ಲಿ ಮಾತ್ರ ಅದರ ಗುರುತು ಉಳಿದಿರುವುದು. ತೂಕವೊಂದೇ ಮಾನವಾಗುವುದಕ್ಕೆ ಮುನ್ನ ಈ ಶಬ್ದಗಳನ್ನು ಆಡುವವರ ಬಾಯಿಂದಲೇ ಕೇಳಿ ಸಂಗ್ರಹಿಸುವುದು ವಿದ್ವಾಂಸರ ಕರ್ತವ್ಯವಾಗಿದೆ.