ಮಂಕುತಿಮ್ಮನ ಕಗ್ಗ

ಡಿ.ವಿ. ಗುಂಡಪ್ಪನವರ (ಡಿವಿಜಿ, 1887–1975) ಮುಕ್ತಕಗಳ ಸಂಗ್ರಹ. ಮೊದಲ ಪ್ರಕಟಣೆ 1943. ಇದರಲ್ಲಿ 945 ಪದ್ಯಗಳಿವೆ. ಪ್ರತಿಯೊಂದೂ ನಾಲ್ಕು ಸಾಲಿನದು, ಬಿಡಿಯಾಗಿ ಓದಿದರೂ ಪೂರ್ಣ. ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡುತ್ತದೆ. ಕೊನೆಗೆ ‘ಮಂಕುತಿಮ್ಮ’ ಎಂಬ ಅಂಕಿತ ಬರುತ್ತದೆ. ವಿಧಿ, ಪ್ರೀತಿ, ಸಂಸಾರ, ದೈವ, ಸಾವು, ಮನುಷ್ಯಸ್ವಭಾವ ಇದರ ವಸ್ತು. ದೇವರನ್ನು ಕುರಿತ ಸಂಶಯವನ್ನೂ ಕವಿ ಮುಚ್ಚಿಡುವುದಿಲ್ಲ. ಪ್ರಶ್ನೆಗಳ ನಡುವೆಯೇ ಕರ್ತವ್ಯ, ಸಹನೆ, ಜೀವನೋತ್ಸಾಹಗಳತ್ತ ಓದುಗರನ್ನು ಕರೆದೊಯ್ಯುತ್ತಾರೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಬೆಂಗಳೂರಿನಲ್ಲಿ ಪತ್ರಕರ್ತರಾಗಿ ದುಡಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಪತ್ರಕರ್ತರಾಗಿ ಪಡೆದ ಲೋಕವ್ಯವಹಾರದ ಅನುಭವವೇ ಕಗ್ಗದ ಬಲ. ಇದೇ ಧಾಟಿಯ ‘ಮರುಳ ಮುನಿಯನ ಕಗ್ಗ’ ಅವರ ನಿಧನಾನಂತರ ಪ್ರಕಟವಾಯಿತು. ಗಮಕಿಗಳು ಹಾಡುವ, ವಿದ್ವಾಂಸರು ವ್ಯಾಖ್ಯಾನಿಸುವ ಈ ಕೃತಿ ಆಧುನಿಕ ಕನ್ನಡದ ಅತ್ಯಂತ ಜನಪ್ರಿಯ ಗ್ರಂಥಗಳಲ್ಲೊಂದು.